ಪರದೆ ಹೊತ್ತ ವ್ಯಾನು

ನಮ್ಮ ಅಣ್ಣ ಆ ವ್ಯಾನನ್ನು ಓಣಿಗೆ ತಂದು ನಿಲ್ಲಿಸಿದ ದಿನ ಅವ್ವ ಆರತಿ ತಾಟು ಹಿಡಿದು ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಇದೇನ್ ಯಪ್ಪಾ, ಇದರ ಮಾರಿ ಗೂಗಿ ಇದ್ದಂಗ ಐತಲ್ಲೊ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ಎರಡು ದುಂಡನೆಯ ದೀಪ, ಮೂಗಿಲ್ಲದ ಚಪ್ಪಟೆ ಮುಖ, ಹಿಂದಿನ ಮಾಲೀಕರು ಒಬ್ಬೊಬ್ಬರು ಒಂದೊಂದು ಬಣ್ಣ ಬಳಿದು ಕೈಬಿಟ್ಟ ಮೈ. ಅಣ್ಣನಿಗೆ ಮಾತ್ರ ಅದು ಬಂಗಾರ. ಓಣಿಯ ಮಕ್ಕಳು ಮುಟ್ಟಿದರೂ ಸಿಡುಕುತ್ತಿದ್ದ. ಹೆಂಡತಿಯನ್ನು ಅವನು ಅಷ್ಟು ಮುದ್ದು ಮಾಡಿದ್ದನ್ನು ನಾನಂತೂ ನೋಡಿಲ್ಲ. ಇದನ್ನು ಅವನ ಎದುರಿಗೇ ಅಂದು ಬೈಸಿಕೊಂಡಿದ್ದೇನೆ.

ಆಗ ನಾವು ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದೆವು. ಅಪ್ಪ ತೀರಿಹೋಗಿದ್ದ. ಅಕ್ಕನನ್ನು ಸಾರವಾಡಕ್ಕೆ ಕೊಟ್ಟಿತ್ತು. ಮನೆಯಲ್ಲಿ ಅವ್ವ, ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಮತ್ತೆ ಹೊಲಿಗೆ ಮಶಿನ್ ಮುಂದೆ ಕೂತ ನಾನು. ನನಗೆ ಸಿಟ್ಟು ಬೇಗ, ಬಾಯಿ ಜೋರು. ಬಂದ ವರಗಳು ಚಹಾ ಕುಡಿದು ಹೋಗುವುದಕ್ಕೆ ಅದೇ ಕಾರಣ ಅಂತ ಅವ್ವ ನಂಬಿದ್ದಳು. ಅಣ್ಣ ಬೆಳಿಗ್ಗೆ ಎದ್ದರೆ ತಿಕೋಟಾ, ಹೊನವಾಡದ ಕಡೆ ವ್ಯಾನು ಹೊಡೆಯುತ್ತಿದ್ದ. ಹೋಗುವಾಗ ಮಂದಿ, ಬರುವಾಗ ಜೋಳದ ಚೀಲ, ಕಾಲಕ್ಕೆ ತಕ್ಕಂತೆ ದ್ರಾಕ್ಷಿ ಬುಟ್ಟಿ. ಬಸ್ಸು ತಪ್ಪಿಸಿಕೊಂಡವರಿಗೆಲ್ಲ ಅವನೇ ಗತಿ.

ಪರದೆಯ ಕತೆ ಶುರುವಾಗಿದ್ದು ಒಬ್ಬ ಚಹಾಪುಡಿ ಕಂಪನಿಯ ಏಜೆಂಟನಿಂದ. ಹಳ್ಳಿಹಳ್ಳಿಗೆ ಹೋಗಿ ಸಂಜೆ ಸಿನಿಮಾ ತೋರಿಸುವುದು, ನಡುವೆ ಚಹಾಪುಡಿಯ ಜಾಹೀರಾತು ಹಾಕುವುದು ಅವನ ಕೆಲಸ. ಸಿನಿಮಾ ಬಿಡುವ ಮಶಿನ್ ಅವನ ಹತ್ತಿರ ಇತ್ತು. ಗಾಡಿ ಇರಲಿಲ್ಲ. ಗೋಡೆ ಮೇಲೆ ಬಿಡೋಣ ಅಂದರೆ ನಮ್ಮ ಹಳ್ಳಿಗಳಲ್ಲಿ ಬೆಳ್ಳಗಿನ ದೊಡ್ಡ ಗೋಡೆ ಎಲ್ಲಿಂದ ಬರಬೇಕು? ವ್ಯಾನಿನ ಮೇಲೇ ಪರದೆ ನಿಲ್ಲಿಸಿದರೆ ಊರ ತುದಿಯವರಿಗೂ ಕಾಣುತ್ತದೆ ಅಂದ ಏಜೆಂಟ. ಆದರೆ ಹಗಲು ಅದೇ ನೆತ್ತಿಯ ಮೇಲೆ ಅಣ್ಣ ಚೀಲ ಹೇರಬೇಕು. ಹಾಗಾಗಿ ಪರದೆ ಸಂಜೆ ಹತ್ತಬೇಕು, ಆಟ ಮುಗಿದ ಮೇಲೆ ಇಳಿಯಬೇಕು.

ಅದನ್ನು ಮಾಡಿಕೊಟ್ಟವನು ಸ್ಟೇಷನ್ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಮುಸಲ್ಮಾನರ ಮೇಸ್ತ್ರಿ, ಅಣ್ಣನ ಬಾಲ್ಯದ ಗೆಳೆಯ. ಇಬ್ಬರೂ ಕೂಡಿ ಒಂದು ವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದೇ ಎಳೆದದ್ದು. ಕೊನೆಗೆ ಮೇಸ್ತ್ರಿ ವ್ಯಾನಿನ ನೆತ್ತಿಯ ಮೇಲಿದ್ದ ಕ್ಯಾರಿಯರಿಗೆ ಗೇಣುದ್ದದ ದಪ್ಪ ಪೈಪಿನ ತುಂಡುಗಳನ್ನು ಬೆಸೆದ. ಅವುಗಳೊಳಗೆ ಸರಿಯಾಗಿ ಇಳಿಯುವ ಎರಡು ಕಂಬ, ಕಂಬಗಳಿಗೆ ಮೇಲೊಂದು ಕೆಳಗೊಂದು ಅಡ್ಡ ಪೈಪು. ಇದೆಲ್ಲ ಅಲ್ಲಾಡದ ಹಾಗೆ ಬಿಗಿಯಲು ಎರಡು ಕಿವಿಗಳಿದ್ದ ನಟ್ಟುಗಳು. ಪಾನಾ ಬೇಡ, ಬೆರಳಿನಿಂದಲೇ ತಿರುವಬಹುದು. ನಾವು ಅದಕ್ಕೆ ಕಿವಿ ನಟ್ಟು ಅನ್ನುತ್ತಿದ್ದೆವು. "ಹಾಕೂದು ಯಾರರೆ ಹಾಕ್ತಾರ. ಬೇಕಾದಾಗ ಬಿಚ್ಚಾಕ ಬರಬೇಕು, ಅದರಾಗ ಐತಿ ಮಜಾ" ಅಂತ ಮೇಸ್ತ್ರಿ ಮೀಸೆ ತಿರುವಿದ.

ಪರದೆ ನಾನು ಹೊಲಿದೆ. ಮಾದರಪಾಟದ ಗಟ್ಟಿ ಬಿಳಿ ಬಟ್ಟೆ, ಸುತ್ತಲೂ ಕರೀ ದಡಿ, ದಡಿಯುದ್ದಕ್ಕೂ ಕಾಜಾ ಮಾಡಿ ಲಾಡಿ ಪೋಣಿಸಿದ್ದೆ. ಓಣಿಯಲ್ಲಿ ಹಾಸಿದರೆ ಆಚೆ ಮನೆಯ ಕಟ್ಟೆಯ ತನಕ ಹೋಗುತ್ತಿತ್ತು. ಮಶಿನ್ ತುಳಿದು ತುಳಿದು ಮೊಣಕಾಲು ಹಿಡಿದುಕೊಂಡವು. ಅಣ್ಣ ಒಂದು ಶಾಬಾಸ್ ಕೂಡ ಅನ್ನಲಿಲ್ಲ. ದಡಿ ಒಂದು ಕಡೆ ಸೊಟ್ಟ ಆಗಿದೆ ಅಂದ.

ನಮ್ಮ ಕಡೆಯ ಗಾಳಿಗೆ ತಡೆ ಅನ್ನುವುದಿಲ್ಲ. ಜೋರಾಗಿ ಬೀಸಿದರೆ ಪರದೆ ಉಬ್ಬಿ ಹೀರೋನ ಕೆನ್ನೆ ಪೂರಿಯ ಹಾಗೆ ಊದಿಕೊಳ್ಳುತ್ತಿತ್ತು. ಅಳುವ ಸೀನಿನಲ್ಲೂ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಆದರೂ ವ್ಯಾನು ಬಂತು ಅಂದರೆ ಊರಿಗೆ ಊರೇ ಬರುತ್ತಿತ್ತು. ಅಣ್ಣ ಊರ ಹೊರಗಿನಿಂದಲೇ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ಹೆಂಗಸರು ಬೇಗ ಬೇಗ ರೊಟ್ಟಿ ಬಡಿದು, ಮಕ್ಕಳನ್ನು ಬಗಲಿಗೆ ಹಾಕಿಕೊಂಡು, ಕೂರುವುದಕ್ಕೆ ಗೋಣಿಚೀಲ ಹಿಡಿದು ಹೊರಡುತ್ತಿದ್ದರು.

ಸಾರವಾಡದಲ್ಲಿ ಆಟ ಇದ್ದರೆ ಕೇಳುವುದೇ ಬೇಡ. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತಿದ್ದೆವು. ಹೊಲಮನೆಯ ಮನುಷ್ಯ, ಮಾತು ಕಡಿಮೆ, ಸಿನಿಮಾ ಅಂದರೆ ಪ್ರಾಣ. ವ್ಯಾನು ನಿಂತಿತೋ ಇಲ್ಲವೋ ಧೋತರದ ಕಚ್ಚೆ ಬಿಗಿದು ನೆತ್ತಿಯ ಮೇಲೆ ಹತ್ತಿಬಿಡುತ್ತಿದ್ದ. ಕಂಬ ಇಳಿಸುವುದು, ಲಾಡಿ ಕಟ್ಟುವುದು, ನಟ್ಟು ಬಿಗಿಯುವುದು, ಆಟ ಮುಗಿದ ಮೇಲೆ ಮತ್ತೆ ಹತ್ತಿ ಎಲ್ಲ ಬಿಚ್ಚುವುದು, ಆ ಊರಿನಲ್ಲಿ ಅವೆಲ್ಲ ಅವನದೇ ಹಕ್ಕು. ಬೇರೆ ಯಾರಾದರೂ ಮುಟ್ಟಿದರೆ ಮುಖ ಊದಿಸುತ್ತಿದ್ದ.

ಅಕ್ಕನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಒಂದು ಹೆಣ್ಣುಮಗು ಹುಟ್ಟಿತ್ತು. ಕೈ ಹಿಡಿದು ನಡೆಯಲು ಕಲಿತ ಹೊತ್ತಿಗೆ ಜ್ವರ ಬಂದು ತೀರಿಹೋಯಿತು. ಆಮೇಲೆ ಅಕ್ಕ ಮೊದಲಿನ ಅಕ್ಕನಾಗಿ ಉಳಿಯಲಿಲ್ಲ. ಯಾವ ಮನೆಗೆ ಹೋದರೂ ತೊಟ್ಟಿಲು ಇರುವ ಕೋಣೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಅವ್ವ ಅವಳನ್ನು ವಿಜಾಪುರಕ್ಕೆ ಕರೆಸಿ ದವಾಖಾನೆಯಲ್ಲಿ ತೋರಿಸಿದಳು. ಡಾಕ್ಟರಮ್ಮ ನೋಡಿ, "ಏನೂ ದೋಷ ಇಲ್ಲವ್ವಾ, ಧೈರ್ಯದಿಂದ ಇರು, ಆಗ್ತದ" ಅಂದಳು. ಅವತ್ತು ಅಕ್ಕ ನಮ್ಮ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಹೋಗುವಾಗ ನನ್ನ ಮಶಿನ್ ಹತ್ತಿರ ಬಿದ್ದಿದ್ದ ಮೆತ್ತನೆಯ ಬಟ್ಟೆ ತುಂಡುಗಳನ್ನೆಲ್ಲ ಆರಿಸಿ ಗಂಟು ಕಟ್ಟಿಕೊಂಡಳು. ಯಾತಕ್ಕೆ ಅಂತ ನಾನು ಕೇಳಲಿಲ್ಲ. ಮುಂದೆ ಹುಟ್ಟುವ ಕೂಸಿನ ತಲೆಗೆ ಕುಂಚಿಗೆ ಹೊಲಿಯುವುದಕ್ಕೆ ಅಂತ ಗೊತ್ತಿತ್ತು.

ಅಷ್ಟರಲ್ಲಿ ಎಮರ್ಜೆನ್ಸಿ ಬಂತು. ಮೊದಮೊದಲು ನಮಗೆ ಅದರ ಬಿಸಿ ತಟ್ಟಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿದೆ ಅಂತ ಅವ್ವ ಖುಷಿಪಟ್ಟದ್ದೂ ಉಂಟು. ಆಮೇಲೆ ಗಂಡಸರಿಗೆ ಮಕ್ಕಳಾಗದ ಆಪರೇಷನ್ ಮಾಡಿಸುವ ಭರಾಟೆ ಶುರುವಾಯಿತು. ಇಂತಿಷ್ಟು ಮಂದಿಯನ್ನು ತಂದು ತೋರಿಸು, ಇಲ್ಲದಿದ್ದರೆ ಪಗಾರ ಇಲ್ಲ ಅಂತ ಸಣ್ಣ ನೌಕರರಿಗೆ ಮೇಲಿನಿಂದ ಒತ್ತಾಯ. ಆ ಒತ್ತಾಯ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಇಳಿಯುತ್ತ ಇಳಿಯುತ್ತ ಹಳ್ಳಿಗೆ ಬಂದು ಮುಟ್ಟಿತು. ಒಬ್ಬ ಸಾಹೇಬ ಅಣ್ಣನನ್ನು ಕರೆಸಿ, ಹೇಳಿ ಕಳಿಸಿದ ದಿನ ವ್ಯಾನು ತರಬೇಕು ಅಂದ. ಸಂಜೆ ಕುಟುಂಬ ಯೋಜನೆಯ ಸಿನಿಮಾ ತೋರಿಸುವುದು, ಬೆಳಿಗ್ಗೆ ಆಪರೇಷನ್ನಿಗೆ ಮಂದಿಯನ್ನು ಸಾಗಿಸುವುದು. ಆಗುವುದಿಲ್ಲ ಅಂದರೆ ಪರ್ಮಿಟ್ಟು ಕಿತ್ತುಕೊಳ್ಳುತ್ತೇನೆ ಅಂದ. ಅಣ್ಣ ಆಗುವುದಿಲ್ಲ ಅನ್ನಲಿಲ್ಲ.

ಶುರುವಿನಲ್ಲಿ ತಾವಾಗಿ ಬಂದವರೂ ಇದ್ದರು. ನಾಲ್ಕೈದು ಮಕ್ಕಳಾದವರು, ಸಾಕು ಅನ್ನಿಸಿದವರು. ಅಂಥವರು ಮುಗಿದ ಮೇಲೆ ಎಳೆದುಕೊಂಡು ಬರುವುದು ಶುರುವಾಯಿತು. ವ್ಯಾನಿನಲ್ಲಿ ಇಬ್ಬರು ಪೊಲೀಸರೂ ಇರುತ್ತಿದ್ದರು. ಅಣ್ಣ ಮನೆಗೆ ಬಂದರೆ ಊಟ ಮಾಡುತ್ತಿರಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಇಡುತ್ತಿದ್ದ.

ಆಗಲೇ ಅವನಿಗೆ ಒಂದು ಉಪಾಯ ಹೊಳೆದದ್ದು. ಸಿನಿಮಾಕ್ಕೆ ಹೋಗುವಾಗ ನೆತ್ತಿಯ ಮೇಲೆ ಪರದೆ ನಿಂತಿರುತ್ತದೆ. ಮಂದಿ ತರಲು ಹೋಗುವಾಗ ಪರದೆ ಇರುವುದಿಲ್ಲ. ಹೊನವಾಡ, ತಿಕೋಟಾ, ಬಬಲೇಶ್ವರ, ಸಾರವಾಡ, ಹೋದಲ್ಲೆಲ್ಲ ಚಹಾ ಕುಡಿಯುವ ನೆವದಲ್ಲಿ ನಂಬಿಕೆಯವರ ಕಿವಿಯಲ್ಲಿ ಹೇಳಿ ಬಂದ: "ಪರದಾ ಐತೆಂದ್ರ ಸಿನಿಮಾ, ಆರಾಮ ಕುಂತು ನೋಡ್ರಿ. ಬೋಳ ವ್ಯಾನ್ ಬಂತಂದ್ರ ಹೊಲದ ಹಾದಿ ಹಿಡೀರಿ." ಮೊದಲು ಊರೊಳಗೆ ಬಂದು ಪರದೆ ಏರಿಸುತ್ತಿದ್ದವನು ಈಗ ಸಂಜೆಯ ಆಟಕ್ಕೆ ಊರ ಹೊರಗೇ ನಿಲ್ಲಿಸಿ, ಚೌಕಟ್ಟು ಏರಿಸಿ, ನಿಧಾನಕ್ಕೆ ಒಳಗೆ ಹೋಗುತ್ತಿದ್ದ. ನಮ್ಮದು ಬಯಲು ಸೀಮೆ, ಮರ ಅಡ್ಡ ಇಲ್ಲ. ಜೋಳದ ಹೊಲದಲ್ಲಿ ನಿಂತವರಿಗೂ ದೂರದಿಂದಲೇ ತಿಳಿಯುತ್ತಿತ್ತು.

ಸಾಹೇಬನಿಗೆ ತಲೆಬುಡ ಗೊತ್ತಾಗಲಿಲ್ಲ. "ಏನಲೇ, ಈ ಊರಾಗ ಗಂಡಸ್ರ ಹುಟ್ಟೂದಿಲ್ಲೇನು" ಅಂತ ಖಾಲಿ ಕಟ್ಟೆಗಳ ಮುಂದೆ ನಿಂತು ಒದರುತ್ತಿದ್ದನಂತೆ. ಅಣ್ಣ ಮನೆಯಲ್ಲಿ ಅವನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದರೆ ವೈನಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವಳಿಗೆ ಆಗ ದಿನ ತುಂಬುತ್ತಿತ್ತು. ಅವ್ವ ಒಬ್ಬಳೇ, "ಯಾಕ್ ಬೇಕೊ ನಿನಗ ಈ ಉಸಾಬರಿ, ಗೊತ್ತಾದ್ರ ಚರ್ಮಾ ಸುಲೀತಾರ" ಅಂತ ಹೆದರುತ್ತಿದ್ದಳು. ಅಣ್ಣ ಹುಟ್ಟಾ ಪುಕ್ಕಲ. ಹಲ್ಲಿ ಬಿದ್ದರೆ ಹಾರಿ ಬೀಳುವವನು. ಅವನು ಬದುಕಿನಲ್ಲಿ ಮಾಡಿದ ದೊಡ್ಡ ಧೈರ್ಯ ಅದು. ನನಗೆ ಅವನ ಬಗ್ಗೆ ಹೆಮ್ಮೆ ಅನ್ನಿಸಿತ್ತು, ಇವತ್ತಿಗೂ ಆ ಹೆಮ್ಮೆಯನ್ನು ನಾನು ವಾಪಸ್ ತೆಗೆದುಕೊಂಡಿಲ್ಲ.

ನಾಗರ ಪಂಚಮಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಬಬಲೇಶ್ವರದಲ್ಲಿ ಒಂದು ಸಂಜೆ ಆಟ ಇತ್ತು. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅಣ್ಣ ಒಂದಿಷ್ಟು ಹೇಳಿದ, ಮಾಮಾ ಒಂದಿಷ್ಟು ಹೇಳಿದ, ಉಳಿದದ್ದು ಸಾರವಾಡದವರು ಹೇಳಿದ್ದು. ಆಟದ ನಡುವೆ ದೊಡ್ಡ ಗಾಳಿ ಎದ್ದಿತಂತೆ. ಮುಂದೆ ಮಕ್ಕಳು ಕೂತಿದ್ದರು. ಚೌಕಟ್ಟು ಕಿತ್ತು ಅವರ ಮೇಲೆ ಬಿದ್ದೀತು ಅಂತ ಅಣ್ಣ ನೆತ್ತಿ ಹತ್ತಿ, ಬೆರಳಿನ ಬಿಗಿ ಸಾಲದೆ ನಟ್ಟುಗಳಿಗೆ ಪಾನಾ ಹಾಕಿ, ಮೇಲೆ ಕಲ್ಲಿನಿಂದ ಬಡಿದು ಬಿಗಿದ. ಕಿವಿಗಳು ಮುರಿದುಹೋದವು. ಹಿಂದೆಯೇ ಮಳೆ ಬಂತು, ಮಂದಿ ಎದ್ದು ಓಡಿದರು. ಒದ್ದೆ ಪರದೆ ಸುತ್ತಿ ತಂದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಆರಲಿ ಅಂತ ಅದನ್ನು ಹಾಗೇ ನಿಲ್ಲಿಸಿ ಅಣ್ಣ ವ್ಯಾನಿನೊಳಗೆ ಮಲಗಿದ.

ಬೆಳಕು ಹರಿಯುವಾಗ ಯಾರೋ ಬಾಗಿಲು ಬಡಿದರು. ಸಾಹೇಬ, ಜೊತೆಗೆ ಇಬ್ಬರು ಪೊಲೀಸರು. ಅವರ ಜೀಪು ಎಲ್ಲೋ ಕೆಟ್ಟು ನಿಂತಿತ್ತು. "ಗಾಡಿ ತಗಿ, ವಿಜಾಪುರದ ಹಾದಿ ಹಿಡಿ" ಅಂದ ಸಾಹೇಬ. ಅಣ್ಣ ಪರದೆ ಬಿಚ್ಚಲು ಮೇಲೆ ಹತ್ತಿದ. ನಟ್ಟಿನ ಸಂದಿಯಲ್ಲಿ ಗಾಳಿಗೆ ಹಾರಿದ ಎರೆಮಣ್ಣು ಕೂತು ಗಟ್ಟಿಯಾಗಿತ್ತು. ಪಾನಾ ಹಾಕಿದರೆ ಜಾರುತ್ತಿತ್ತು. ನೆನೆದು ಆರಿದ ಲಾಡಿಯ ಗಂಟುಗಳು ಉಗುರಿಗೆ ಜಗ್ಗಲಿಲ್ಲ. ಕೊಯ್ದುಬಿಡೋಣ ಅಂತ ಅವನು ಜೇಬಿನಿಂದ ಬ್ಲೇಡು ತೆಗೆಯುವಷ್ಟರಲ್ಲಿ ಸಾಹೇಬ ಕೆಳಗಿನಿಂದ ಒದರಿದ, "ಇರವಲ್ದ್ಯಾಕಲೇ ಅದು, ಏನ್ ತಿನ್ನಾಕತ್ತೈತಿ ನಿನ್ನ? ಇಳಿ ಮೊದಲ." ಅಣ್ಣ ಇಳಿದ. ವಿಜಾಪುರಕ್ಕೆ ತಾನೆ ಹೋಗುವುದು, ಹೋಗಲಿ ಅಂದುಕೊಂಡ. ಸಾರವಾಡದ ಹತ್ತಿರ ಬಂದಾಗ ಸಾಹೇಬ ಊರ ಕಡೆ ಕೈ ಮಾಡಿ, "ಒಳಗ ತಗೋ" ಅಂದ.

ಅಣ್ಣ ಹಾರ್ನ್ ಹೊಡೆದ. ಬಿಡದೆ ಹೊಡೆದ, ಊರ ಅಗಸೆ ಬಾಗಿಲ ತನಕ ಕೈ ತೆಗೆಯಲಿಲ್ಲ. ಯಾರಾದರೂ ಅರ್ಥ ಮಾಡಿಕೊಂಡು ಓಡಲಿ ಅಂತ. ಆದರೆ ಸಿನಿಮಾಕ್ಕೂ ಅವನು ಹೀಗೇ ಅಲ್ಲವೇ ಹೊಡೆಯುತ್ತಿದ್ದದ್ದು? ಹೊಲಕ್ಕೆ ಹೊರಟಿದ್ದವರು ಪರದೆ ನೋಡಿ ತಿರುಗಿ ಬಂದರು. ಇವತ್ತು ಬೆಳಗ್ಗೆಯೇ ಬಂದಾನಲ್ಲ ಅಂತ ನಗುತ್ತ ಬಂದರು. ಮಕ್ಕಳು ವ್ಯಾನಿನ ಹಿಂದೆ ಕೇಕೆ ಹಾಕುತ್ತ ಓಡಿದರು. ಒಬ್ಬರೂ ಬಾಗಿಲು ಹಾಕಿಕೊಳ್ಳಲಿಲ್ಲ. "ಇವತ್ತೇನ್ ಊರಿಗೆ ಊರಽ ಎದುರುಗೊಳ್ಳಾಕ ಬಂದೈತಲ್ಲೊ" ಅಂದ ಸಾಹೇಬ, ಖುಷಿಯಿಂದ.

ಎಲ್ಲರಿಗಿಂತ ಮುಂದೆ ಬಂದವನು ಮಾಮಾ. ಒಳಗೆ ಯಾರು ಕೂತಿದ್ದಾರೆ ಅಂತ ಕೂಡ ನೋಡದೆ ಎಂದಿನ ಹಾಗೆ ಹಿಂದಿನಿಂದ ನೆತ್ತಿ ಹತ್ತಿದ. ಅಣ್ಣ ಗಾಡಿ ನಿಲ್ಲಿಸಿ ಹೊರಗೆ ಬರುವಷ್ಟರಲ್ಲಿ ಅವನು ಸಂಜೆಯ ತನಕ ಪರದೆ ಇಳಿಸಿಡೋಣ ಅಂತ ನಟ್ಟಿನ ಜೊತೆ ಗುದ್ದಾಡುತ್ತಿದ್ದ. "ಇದ್ಯಾಕೊ, ಬಿಚ್ಚವಲ್ದಲ್ಲ ಇದು? ಹಿಂಗ ಯಾಂವ ಬಿಗಿದಾನ?" ಅಂದ. ಅಣ್ಣ ಅವನ ಕಾಲು ಹಿಡಿದು, "ಮಾಮಾ, ಆ ಕಡೆ ಹಾರಿ ಓಡಿ ಹೋಗು, ಇದು ಸಿನಿಮಾ ಅಲ್ಲ" ಅಂತ ಪಿಸುಗುಟ್ಟಿದ.

ಮಾಮಾ ಕೆಳಗೆ ನೋಡಿದ. ಪೊಲೀಸರು ಕಂಡರು. ಇಬ್ಬರು ಮೂವರನ್ನು ಆಗಲೇ ಒಳಗೆ ಹತ್ತಿಸುತ್ತಿದ್ದದ್ದೂ ಕಂಡಿತು. ಹಾರಿದ್ದರೆ ಹಾರಬಹುದಿತ್ತು, ಆ ಕಡೆ ಬರೀ ಹಿತ್ತಲುಗಳು. ಅವನು ಹಾರಲಿಲ್ಲ. "ನನಗೇನ್ ಮಾಡ್ತಾರೊ? ಮಕ್ಕಳಿದ್ದವರಿಗೆ ಮಾಡೂ ಆಪರೇಷನ್ ಅದು. ನನಗ ಮಕ್ಕಳ ಇಲ್ಲಲ್ಲ" ಅಂದ. ಅಂದು ನಿಧಾನಕ್ಕೆ ಇಳಿದು, ಪೊಲೀಸ ಕೈ ಮಾಡಿದ ಕಡೆ ಹೋಗಿ ಕೂತ. ಅಣ್ಣ ಸಾಹೇಬನಿಗೆ ಕೈ ಮುಗಿದು, "ಇವರು ನಮ್ಮ ಅಕ್ಕನ ಗಂಡ್ರಿ, ಇದ್ದೊಂದು ಕೂಸೂ ಸತ್ತೈತ್ರಿ, ಇವರನ್ನ ಬಿಡ್ರಿ" ಅಂದ. ಸಾಹೇಬ, "ಎಲ್ಲಾರೂ ಹಿಂಗಽ ಅಂತಾರ. ಅಲ್ಲಿ ಡಾಕ್ಟರ್ ಕೇಳ್ತಾರ, ಅವರಿಗೆ ಹೇಳಲಿ. ನಡಿ" ಅಂದ.

ಅಣ್ಣ ನಡೆದ. ವ್ಯಾನಿನ ಕೀಲಿಯನ್ನು ಬಾವಿಗೆ ಒಗೆಯಬಹುದಿತ್ತು, ಟೈರಿನ ಗಾಳಿ ಬಿಡಬಹುದಿತ್ತು, ಗಟಾರಕ್ಕೆ ಇಳಿಸಬಹುದಿತ್ತು ಅಂತ ನಾನು ಮಶಿನ್ ಮುಂದೆ ಕೂತಾಗೆಲ್ಲ ಲೆಕ್ಕ ಹಾಕಿದ್ದೇನೆ. ಕೂತ ಜಾಗದಲ್ಲಿ ಎಲ್ಲರಿಗೂ ಉಪಾಯ ಹೊಳೆಯುತ್ತದೆ. ಅವನಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಡಾಕ್ಟರು ಕೇಳುತ್ತಾರೆ ಅನ್ನುವ ಒಂದೇ ಮಾತು. ಅದನ್ನೇ ನಂಬಿದ. ಮಾಮಾನೂ ಅದನ್ನೇ ನಂಬಿದ.

ವಿಜಾಪುರದ ಹೊರಗಿನ ಒಂದು ಕಟ್ಟಡದಲ್ಲಿ ಸಾಲಾಗಿ ಹಲಗೆ ಹಾಕಿದ್ದರಂತೆ. ಮಾಮಾ ಡಾಕ್ಟರಿಗೆ ಹೇಳಿದ. ಡಾಕ್ಟರು ತಲೆ ಎತ್ತಿ ನೋಡಲಿಲ್ಲ. ಮಲಗು ಅಂದ. ಮಾಮಾ ಇನ್ನೊಂದು ಸಲ ಹೇಳಿದ. ಆಗ ಪಕ್ಕದಲ್ಲಿದ್ದವನು ಅವನ ಹೆಗಲು ಅದುಮಿದ. ಇಷ್ಟೇ ಅವನು ಹೇಳಿದ್ದು. ಇದರ ಮೇಲೆ ನಾವು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಣ್ಣ ಅವನನ್ನು ಸಾರವಾಡಕ್ಕೆ ಒಯ್ಯದೆ ನಮ್ಮ ಮನೆಗೆ ಕರೆದುಕೊಂಡು ಬಂದ. ಓಣಿಯಲ್ಲಿ ವ್ಯಾನು ನಿಂತಿತ್ತು, ನೆತ್ತಿಯ ಮೇಲೆ ನನ್ನ ಪರದೆ ಹಾಗೇ ನಿಂತಿತ್ತು, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಮಾಮಾ ಕಟ್ಟೆಯ ಮೇಲೆ ಒರಗಿ ಕೂತು ನೀರು ಕೇಳಿದ. ತಂಬಿಗೆ ಕೊಟ್ಟೆ. ಪೂರ್ತಿ ಕುಡಿದು ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟ. ಅವ್ವನಿಗೆ ವಿಷಯ ತಿಳಿದದ್ದೇ ಗೋಡೆಗೆ ಹಣೆ ಹಚ್ಚಿ ನಿಂತಳು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿ. ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು, ಆದರೆ ಎದುರಿಗೆ ಇದ್ದವರು ಇವರಿಬ್ಬರೇ. "ಅಕಿಗೆ ನಾನಽ ಹೇಳ್ತೇನಿ. ನೀವ್ಯಾರೂ ಬಾಯಿ ಬಿಡಬ್ಯಾಡ್ರಿ" ಅಂದ ಮಾಮಾ.

ಅವ್ವ ಅವನ ಜೊತೆ ಬಸ್ಸಿನಲ್ಲಿ ಸಾರವಾಡಕ್ಕೆ ಹೋದಳು. ಅಣ್ಣ ವ್ಯಾನು ತೆಗೆದುಕೊಂಡು ಮೇಸ್ತ್ರಿಯ ಅಂಗಡಿಗೆ ಹೊರಟ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗದೆ ನಾನೂ ಹತ್ತಿದೆ. ಮೇಸ್ತ್ರಿ ಮೇಲೆ ಹೋಗಿ ನಟ್ಟು ನೋಡಿದ, ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟ, ಉಳಿ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ. ಬಿಚ್ಚಿತು. ಅಷ್ಟು ಸರಳವಾಗಿ ಬಿಚ್ಚಿತು. ಅಣ್ಣ ಅಂಗಡಿಯ ಮುಂದೆ ಎಣ್ಣೆ ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕೂತು ತಲೆ ಬಡಿದುಕೊಂಡು ಅತ್ತ. ಮೇಸ್ತ್ರಿಗೆ ಏನಾಗಿದೆ ಅಂತ ಗೊತ್ತಿರಲಿಲ್ಲ, ನಾನು ಹೇಳಿದೆ. ಅವನು ಇಳಿದು ಬಂದು ಅಣ್ಣನ ಪಕ್ಕದಲ್ಲಿ ಕೂತ. ಅವತ್ತೇ ಕ್ಯಾರಿಯರಿನ ಮೇಲಿನ ಪೈಪಿನ ತುಂಡುಗಳನ್ನೂ ಗ್ಯಾಸಿನಿಂದ ಕೊಯ್ದು ತೆಗೆದ. ಪರದೆಯನ್ನು ಮನೆಗೆ ತರುವುದು ಬೇಡ ಅಂತ ನಾನೇ ಅಲ್ಲಿ ಬಿಟ್ಟು ಬಂದೆ.

ಅವ್ವ ಮರುದಿನ ತಿರುಗಿ ಬಂದು ಹೇಳಿದಳು. ಮಾಮಾ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಅಕ್ಕನಿಗೆ ಹೇಳಿದನಂತೆ. ಚೀರಾಟ ಇಲ್ಲ, ಕೂಗಾಟ ಇಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದು ಒಲೆಯ ಮುಂದೆ ಕೂತಳಂತೆ. ಹಿಟ್ಟು ನಾದುತ್ತ ಅವ್ವನನ್ನು ಒಂದೇ ಮಾತು ಕೇಳಿದಳು, "ಪರದಾ ಇತ್ತಂತ?" ಇತ್ತು ಅಂದಳು ಅವ್ವ. ಅಕ್ಕ ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿದಳು.

ಆಮೇಲೆ ಊರುಗಳು ಅಣ್ಣನ ಪಾಲಿಗೆ ಮುಚ್ಚಿದವು. ಅವನೇ ಗುಟ್ಟು ಹೇಳಿಕೊಟ್ಟು ಅವನೇ ಬಲೆಗೆ ಕೆಡವಿದ ಅಂತ ಸುದ್ದಿ ಹಬ್ಬಿತು. ನಟ್ಟು ಬಿಚ್ಚಲಿಲ್ಲ ಅಂದರೆ ಯಾರು ನಂಬುತ್ತಾರೆ? ಹೊನವಾಡದಲ್ಲಿ ಕರೆದು ಕರೆದು ಚಹಾ ಕೊಡುತ್ತಿದ್ದವರು ನೀರು ಕೊಡಲಿಲ್ಲ. ಯಾರೋ ಕಲ್ಲು ಒಗೆದು ಮುಂದಿನ ಗಾಜು ಒಡೆದರು. ಒಡೆದ ಗಾಜಿನಲ್ಲೇ ಅಣ್ಣ ಎಷ್ಟೋ ದಿನ ಓಡಾಡಿದ. ಗಾಜು ಹಾಕಿಸು ಅಂತ ನಾನು ಜಗಳ ಮಾಡಿದರೂ ಹಾಕಿಸಲಿಲ್ಲ. ಮಾಮಾ ಮಾತ್ರ ಅವನನ್ನು ಒಂದು ದಿನವೂ ಬಯ್ಯಲಿಲ್ಲ. "ನೀ ಏನ್ ಮಾಡ್ತಿದ್ದಿ, ಬಿಡು" ಅಂದನಂತೆ. ಬೈದಿದ್ದರೆ ಅಣ್ಣ ಸ್ವಲ್ಪ ಉಸಿರಾಡುತ್ತಿದ್ದನೇನೋ.

ಪಂಚಮಿಗೆ ಅಣ್ಣ ಹೋಗಿ ಅಕ್ಕನನ್ನು ಕರೆತರಬೇಕು. ಪ್ರತಿ ವರ್ಷ ವ್ಯಾನು ತೊಳೆದು, ಹೂವು ಹಾಕಿ, ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವನು ಆ ಸಲ ಜ್ವರ ಅಂತ ಹೊದ್ದುಕೊಂಡು ಮಲಗಿದ. ಜ್ವರ ಇರಲಿಲ್ಲ, ನಾನು ಹಣೆ ಮುಟ್ಟಿ ನೋಡಿದ್ದೆ. ಅವ್ವ ಉಂಡಿ, ಅಳ್ಳಿಟ್ಟು ಕಟ್ಟಿಕೊಟ್ಟು ನನ್ನನ್ನು ಬಸ್ಸಿನಲ್ಲಿ ಕಳಿಸಿದಳು. ಅಕ್ಕ ಗಂಟು ಇಸಿದುಕೊಂಡಳು, ಬರುವುದಿಲ್ಲ ಅಂದಳು. ಕಳೆ ತೆಗೆಯುವುದು ಬಾಕಿ ಇದೆ ಅಂದಳು. ಎಲ್ಲರ ಮನೆಯ ಹೆಣ್ಣುಮಕ್ಕಳು ಜೋಕಾಲಿ ಆಡುವ ಹಬ್ಬದಲ್ಲಿ ಯಾವ ಕಳೆ? ನಾನು ಅದನ್ನು ಬಾಯಿ ಬಿಟ್ಟು ಕೇಳಿಯೂ ಕೇಳಿದೆ. ಅವಳು ನನ್ನ ಗದ್ದ ಹಿಡಿದು, "ನೀ ಆಡು ಹೋಗವ್ವಾ" ಅಂದಳು. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅಳುತ್ತ ಬಂದೆ.

ಅದೇ ಶ್ರಾವಣದ ಕೊನೆಗೆ ವೈನಿ ತಿಕೋಟಾದ ತವರಿನಲ್ಲಿ ಗಂಡು ಹೆತ್ತಳು. ಮನೆಯಲ್ಲಿ ಸಂತೋಷ ಆಯಿತು ಅಂತ ಹೇಳಲು ನನಗೆ ಈಗಲೂ ನಾಲಿಗೆ ತಡೆಯುತ್ತದೆ. ಸುದ್ದಿ ತಂದವನಿಗೆ ಸಕ್ಕರೆ ಕೊಟ್ಟೆವು, ಅಣ್ಣ ಎದ್ದು ಹೊರಗೆ ಹೋದ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅವಳೇ ಕೂಸನ್ನು ಎತ್ತಿ ಕಿವಿಯಲ್ಲಿ ಕುರ್ರ್ ಅಂದು ಹೆಸರು ಕೂಗಬೇಕು. ಕೂಗಿದಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವಳು ಒಂದು ಸಲ ಕೂಗಿದಳೋ ಮುಗಿಯಿತು, ಅದೇ ಹೆಸರು. ನಾನೂ ಅತ್ತೆಯೇ. "ನಾನಽ ಇಡ್ತೇನಿ ಬಿಡು, ಅಕಿಗೆ ಯಾಕ ಆ ಸಂಕಟ" ಅಂದೆ. ಅವ್ವ ಒಪ್ಪಲಿಲ್ಲ. "ಹಿರೇಕಿ ಇದ್ದಾಳ. ಅಕಿನ್ನ ಬಿಟ್ಟು ಮಾಡಿದ್ರ ಅಕಿ ಬಂಜಿ ಅಂತ ನಾವಽ ಸಾರಿದಂಗ ಆಗ್ತದ" ಅಂದಳು. ಅಪ್ಪನ ಹೆಸರು ಇಡುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ಸಾರವಾಡಕ್ಕೆ ಹೇಳಿಕಳಿಸಿದೆವು, ಬರುತ್ತಾಳೆ ಅನ್ನುವ ಆಸೆ ಯಾರಿಗೂ ಇರಲಿಲ್ಲ.

ಬಂದಳು. ಅಕ್ಕ, ಮಾಮಾ ಇಬ್ಬರೂ ತಿಕೋಟಾದಲ್ಲಿ ಬಸ್ಸಿನಿಂದ ಇಳಿದು ನಡೆದು ಬಂದರು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಕೂಸಿಗೆ ಕುಂಚಿಗೆ ಹೊಲಿದು ತಂದಿದ್ದಳು. ಒಳಗೆ ಹೆಂಗಸರ ಗುಸುಗುಸು ನಿಂತಿತು. ವೈನಿಯ ಚಿಕ್ಕಮ್ಮ ಒಬ್ಬಳು ತೊಟ್ಟಿಲಿನ ಮುಂದೆ ಅಡ್ಡ ನಿಂತ ಹಾಗೆ ಮಾಡಿದಳು. ನಾನು ಅವಳನ್ನು ದುರುಗುಟ್ಟಿ ನೋಡಿದೆ, ಸರಿದಳು. ವೈನಿ ತಾನೇ ಎದ್ದು ಬಂದು ಕೂಸನ್ನು ಅಕ್ಕನ ಕೈಗೆ ಕೊಟ್ಟಳು. ಆ ಹೆಣ್ಣುಮಗಳ ಮೇಲೆ ನನಗೆ ಅವತ್ತು ಬಂದ ಪ್ರೀತಿ ಕಡೆಯತನಕ ಹೋಗಲಿಲ್ಲ.

ಅಕ್ಕ ಕೂಸಿನ ಕಿವಿಗೆ ಬಾಯಿ ಇಟ್ಟು ಕುರ್ರ್ ಅಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೆಸರು ಕೂಗಿದಳು. ಅಪ್ಪನ ಹೆಸರಲ್ಲ. ನಾವು ಯಾರೂ ಅಂದುಕೊಳ್ಳದ ಬೇರೆ ಒಂದು ಹೆಸರು. ಯಾರಿಗೂ ಗುದ್ದುವ ನೆನಪಾಗಲಿಲ್ಲ, ನಾನೊಬ್ಬಳೇ ಅವಳ ಬೆನ್ನಿಗೆ ಮೆತ್ತಗೆ ಕೈ ಇಟ್ಟೆ. ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಮಾಮಾ ಕೂತಿದ್ದ, ಪಕ್ಕದಲ್ಲಿ ಅಣ್ಣ. ಹೆಸರು ಕಿವಿಗೆ ಬಿದ್ದದ್ದೇ ಮಾಮಾ ಎದ್ದ. ಟಾವೆಲ್ಲು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಅಣ್ಣನಿಗೆ ಅಷ್ಟು ಸಾಕಾಯಿತು. ಬಾಗಿಲಲ್ಲಿ ನಿಂತಿದ್ದ ನನಗೆ ಅವನ ಮುಖ ಕಂಡಿತು. ಯಾರ ಹೆಸರು ಅದು ಅಂತ ಅವನಿಗೆ ತಿಳಿದುಹೋಗಿತ್ತು.

ಹಿತ್ತಲಲ್ಲಿ ಕೈ ತೊಳೆಯಲು ನೀರು ಹಾಕುವಾಗ ನಾನು ಅಕ್ಕನನ್ನು ಕೇಳಿಯೇಬಿಟ್ಟೆ. "ಮುಂದ ಗಂಡು ಹುಟ್ಟಿದ್ರ ಅಂತ ಇಟ್ಕೊಂಡಿದ್ವಿ ಇಬ್ಬರೂ" ಅಂದಳು. "ಇನ್ನ ಇಟ್ಕೊಂಡು ಏನ್ ಮಾಡ್ಲಿ? ಹೆಸರ ಚಲೋ ಐತಿ. ಯಾರರೆ ಕರಸ್ಕೊಳ್ಳಿ." ಸೆರಗಿಗೆ ಕೈ ಒರೆಸಿಕೊಂಡು ಊಟಕ್ಕೆ ಬಡಿಸಲು ಹೋದಳು. ಅದು ಪ್ರೀತಿಯಿಂದ ಕೊಟ್ಟದ್ದೋ, ಅಣ್ಣನಿಗೆ ಕೊಟ್ಟ ಶಿಕ್ಷೆಯೋ ನನಗೆ ಗೊತ್ತಿಲ್ಲ. ಎರಡೂ ಇದ್ದೀತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಹುಡುಗ ಬೆಳೆದ. ಅವ್ವ, ವೈನಿ, ನಾನು, ಓಣಿಯವರು ದಿನಕ್ಕೆ ನೂರು ಸಲ ಆ ಹೆಸರು ಕೂಗಿದೆವು. ಅಣ್ಣ ಮೊದಲು ಕೂಸು ಅಂದ, ಆಮೇಲೆ ತಮ್ಮಾ ಅಂದ, ಸಿಟ್ಟು ಬಂದರೆ ಲೇ ಅಂದ. ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿಸುತ್ತಿದ್ದ, ಜ್ವರ ಬಂದರೆ ಪಕ್ಕದಿಂದ ಏಳುತ್ತಿರಲಿಲ್ಲ. ಹೆಸರು ಮಾತ್ರ ಅವನ ಬಾಯಿಂದ ಹೊರಡಲಿಲ್ಲ. ಹುಡುಗನಿಗೆ ಮಾತು ಚೆನ್ನಾಗಿ ಬಂದ ಮೇಲೆ ಒಂದು ದಿನ ಅಪ್ಪನ ತೊಡೆಯ ಮೇಲೆ ಕೂತು ಆಟಕ್ಕೆ ಅಂತ, "ಅಪ್ಪಾ, ನನ್ನ ಹೆಸರ ಏನು ಹೇಳು ನೋಡೂನು" ಅಂದ. ಅಣ್ಣ ಅವನನ್ನು ಕೆಳಗೆ ಇಳಿಸಿ, ಗಾಡಿಗೆ ನೀರು ಹಾಕಬೇಕು ಅಂತ ಎದ್ದು ಹೋದ. ಹುಡುಗ ನನ್ನ ಮಶಿನ್ ಹತ್ತಿರ ಬಂದು ನಿಂತ.

"ಅತ್ತಿ, ಅಪ್ಪಗ ನನ್ನ ಹೆಸರ ಗೊತ್ತಿಲ್ಲ" ಅಂದ.

"ಗೊತ್ತೈತಿ ಯಪ್ಪಾ, ಹೋಗು, ಆಡ್ಕೋ ಹೋಗು" ಅಂದೆ.